ನೂರಿಪ್ಪತ್ತು ಗ್ರಾಂ ಬೀಜದ ಪಾಠ

ದೇವರ ಮುಂದೆ ಉರಿಯುವ ದೀಪದ ಬತ್ತಿ, ಮಗುವಿನ ತಲೆಯ ಕೆಳಗಿನ ದಿಂಬು, ಮನೆಯ ಯಜಮಾನರ ಪಂಚೆ, ಹಸುವಿನ ಮುಂದಿಡುವ ಹತ್ತಿಬೀಜದ ಹಿಂಡಿ: ಇವು ನಮಗೆ ಎಷ್ಟು ಪರಿಚಿತವೆಂದರೆ, ಇವುಗಳ ಮೂಲವೇನೆಂದು ವಿಚಾರಿಸುವ ಗೋಜಿಗೆ ನಾವು ಹೋಗುವುದೇ ಇಲ್ಲ. ವಿಚಾರಿಸಿದರೆ ಅಚ್ಚರಿಯ ಸಂಗತಿಯೊಂದು ತಿಳಿಯುತ್ತದೆ. ಇಂದು ಭಾರತದಲ್ಲಿ ಹತ್ತಿ ಬೆಳೆಯುವ ನೆಲದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಕುಲಾಂತರಿ ಹತ್ತಿಯದು. ಅಂದರೆ, ಮಣ್ಣಿನಲ್ಲಿ ವಾಸಿಸುವ ಒಂದು ಸೂಕ್ಷ್ಮಾಣುವಿನ ವಂಶವಾಹಿಯನ್ನು ತೆಗೆದು ಹತ್ತಿಯ ಬೀಜದೊಳಗೆ ಸೇರಿಸಿ ಸಿದ್ಧಪಡಿಸಿದ ತಳಿಗಳದು. ನಮ್ಮ ಮನೆಯ ಬತ್ತಿಯೂ ಬಹುಮಟ್ಟಿಗೆ ಆ ಬೀಜದಿಂದಲೇ ಹುಟ್ಟಿಬಂದದ್ದು.

ಇದು ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ಕಾಲು ಶತಮಾನದಿಂದ ನಡೆದಿದೆ. ಆ ವಾದದಲ್ಲಿ ಒಂದು ಪಕ್ಷವನ್ನು ಹಿಡಿಯುವುದು ಈ ಲೇಖನದ ಉದ್ದೇಶವಲ್ಲ. ಇಂತಹ ಹೊಸ ಜೀವಿಯೊಂದು ಪ್ರಯೋಗಶಾಲೆಯಿಂದ ಹೊಲಕ್ಕೆ ಬರುವಾಗ ಅದರ ಮೇಲೆ ಕಣ್ಣಿಡುವವರು ಯಾರು? ಅದಕ್ಕೆ ಹಾಕಿದ ಕಟ್ಟಳೆಗಳು ಹೊಲದವರೆಗೆ ತಲುಪುತ್ತವೆಯೆ? ಬಡ ರಾಷ್ಟ್ರಗಳೆಲ್ಲ ಇಂದು ಎದುರಿಸುತ್ತಿರುವ ಪ್ರಶ್ನೆಗಳು ಇವು. ಉತ್ತರವನ್ನು ಹುಡುಕಲು ನಾವು ಬಹು ದೂರ ಹೋಗಬೇಕಾಗಿಲ್ಲ.

ಅರೆವೃತ್ತದ ನಾಲ್ಕು ಸೀಮೆಗಳು

ಮೈಸೂರು ನಗರದ ಪಶ್ಚಿಮಕ್ಕೆ ಅರೆವೃತ್ತದಂತೆ ಹರಡಿರುವ ನಾಲ್ಕು ಸೀಮೆಗಳನ್ನು ನೆನಪಿಗೆ ತಂದುಕೊಳ್ಳಿ. ಕಬಿನಿಯ ದಡದಲ್ಲಿ, ಕಾಡಿನ ಅಂಚಿನಲ್ಲಿ ಹೆಗ್ಗಡದೇವನಕೋಟೆ. ಅದು ಮಳೆಯನ್ನು ನಂಬಿ ಹತ್ತಿ ಬೆಳೆಯುವ ನಾಡು. ಅದರ ಉತ್ತರಕ್ಕೆ ಹುಣಸೂರು ಮತ್ತು ಪಿರಿಯಾಪಟ್ಟಣ. ಹೊಗೆಸೊಪ್ಪಿನಿಂದ ಹೆಸರಾದ ತಾಲ್ಲೂಕುಗಳು. ಅಲ್ಲಿಂದ ಕಾವೇರಿಯ ಕಾಲುವೆಗಳ ಜಾಡು ಹಿಡಿದು ಹೋದರೆ ಕೃಷ್ಣರಾಜನಗರ. ಅಲ್ಲಿ ಕಣ್ಣು ಹಾಯಿಸಿದಷ್ಟು ದೂರ ಬತ್ತದ ಗದ್ದೆ. ಹತ್ತಿ, ಹೊಗೆಸೊಪ್ಪು, ಬತ್ತ: ಈ ಮೂರು ಬೆಳೆಗಳಲ್ಲಿಯೇ ವಂಶವಾಹಿಗಳನ್ನು ತಿದ್ದುವ ವಿಜ್ಞಾನದ ಹಿಂದಣ, ಇಂದಿನ ಮತ್ತು ಮುಂದಣ ಕಥೆ ಅಡಗಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಗಿಡದೊಳಕ್ಕೆ ಬೇರೊಂದು ಜೀವಿಯ ವಂಶವಾಹಿಯನ್ನು ಸೇರಿಸುವ ಮೊದಲ ಪ್ರಯೋಗಗಳು 1983ರಲ್ಲಿ ಯಶಸ್ವಿಯಾದಾಗ, ವಿಜ್ಞಾನಿಗಳು ಆರಿಸಿಕೊಂಡಿದ್ದ ಗಿಡಗಳಲ್ಲಿ ಮುಖ್ಯವಾದದ್ದು ಹೊಗೆಸೊಪ್ಪು. ಪ್ರಯೋಗಶಾಲೆಯಲ್ಲಿ ಅದು ಹೇಳಿದ ಮಾತು ಕೇಳುವ ಗಿಡ. ಬೆಲ್ಜಿಯಮ್ಮಿನ ಗೆಂಟ್ ನಗರದ ವಿಜ್ಞಾನಿಗಳು ‘ಬ್ಯಾಸಿಲಸ್ ತುರಿಂಜಿಯೆನ್ಸಿಸ್’ ಎಂಬ ಸೂಕ್ಷ್ಮಾಣುವಿನ ವಂಶವಾಹಿಯನ್ನು ಸೇರಿಸಿ, ಹುಳುಗಳಿಂದ ತನ್ನನ್ನು ತಾನೇ ಕಾಪಾಡಿಕೊಳ್ಳಬಲ್ಲ ಹೊಗೆಸೊಪ್ಪಿನ ಗಿಡವನ್ನು 1987ರಲ್ಲಿ ಜಗತ್ತಿಗೆ ತೋರಿಸಿದರು. ಆ ಸೂಕ್ಷ್ಮಾಣುವಿನ ಹೆಸರಿನ ಮೊದಲ ಅಕ್ಷರಗಳೇ ‘ಬಿ.ಟಿ.’ ನಮ್ಮ ಹುಣಸೂರಿನ ಹೊಗೆಸೊಪ್ಪು ಕುಲಾಂತರಿಯಲ್ಲ. ಆದರೆ ಕೋಟೆಯ ಹತ್ತಿಗೆ ದಾರಿ ತೋರಿಸಿದ್ದು ಹೊಗೆಸೊಪ್ಪಿನ ಕುಲವೇ.

ದೆಹಲಿಯಲ್ಲಿ ಕಟ್ಟಿದ ಕಟ್ಟಡ

ಕುಲಾಂತರಿ ಬೆಳೆ ಭಾರತಕ್ಕೆ ಬರುವ ಎಷ್ಟೋ ಮೊದಲೇ ಅದಕ್ಕೆ ಕಾನೂನು ಸಿದ್ಧವಾಗಿತ್ತು. ಭೋಪಾಲದ ವಿಷಾನಿಲ ದುರಂತದ ತರುವಾಯ 1986ರಲ್ಲಿ ಪರಿಸರ ಸಂರಕ್ಷಣಾ ಅಧಿನಿಯಮ ಜಾರಿಗೆ ಬಂದಿತು. ಅದರ ಆಧಾರದ ಮೇಲೆ 1989ರ ಡಿಸೆಂಬರಿನಲ್ಲಿ, ವಂಶವಾಹಿ ತಿದ್ದಿದ ಜೀವಿಗಳ ತಯಾರಿಕೆ, ಬಳಕೆ, ಆಮದು, ರಫ್ತು ಮತ್ತು ದಾಸ್ತಾನುಗಳ ಬಗೆಗೆ ನಿಯಮಗಳನ್ನು ಪ್ರಕಟಿಸಲಾಯಿತು. ಆಗ ಅನೇಕ ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಇಂತಹ ನಿಯಮಗಳ ಸುಳಿವೂ ಇರಲಿಲ್ಲ. ಮುಂದೆ 2000ದ ಜನವರಿಯಲ್ಲಿ ಮಾಂಟ್ರಿಯಲ್ ನಗರದಲ್ಲಿ ‘ಕಾರ್ಟಹೇನಾ ಒಡಂಬಡಿಕೆ’ ಎಂಬ ಅಂತರರಾಷ್ಟ್ರೀಯ ಜೀವಸುರಕ್ಷತಾ ಒಪ್ಪಂದ ಅಂಗೀಕಾರವಾದ ಮೇಲೆ, ವಿಶ್ವಸಂಸ್ಥೆಯ ನೆರವಿನಿಂದ ನೂರಕ್ಕೂ ಹೆಚ್ಚು ದೇಶಗಳು ತಮ್ಮ ತಮ್ಮ ಚೌಕಟ್ಟುಗಳನ್ನು ರೂಪಿಸಲು ತೊಡಗಿದವು. ಭಾರತ 2003ರಲ್ಲಿ ಆ ಒಡಂಬಡಿಕೆಗೆ ಸೇರಿತು. ಕಾಗದದ ಮೇಲೆ ನಾವು ಹಿಂದುಳಿದವರಾಗಿರಲಿಲ್ಲ!

ಆ ನಿಯಮಗಳ ಕಟ್ಟಡ ಹಲವು ಅಂತಸ್ತಿನದು. ಸಂಶೋಧನೆ ನಡೆಸುವ ಪ್ರತಿಯೊಂದು ಸಂಸ್ಥೆಯಲ್ಲೂ ಒಂದು ಜೀವಸುರಕ್ಷತಾ ಸಮಿತಿ. ಅದರ ಮೇಲೆ ಪ್ರಯೋಗಗಳನ್ನು ಪರಿಶೀಲಿಸುವ ಸಮಿತಿ. ಎಲ್ಲಕ್ಕೂ ಮೇಲೆ ಕೇಂದ್ರ ಪರಿಸರ ಸಚಿವಾಲಯದ ವಂಶವಾಹಿ ತಂತ್ರಜ್ಞಾನ ಅನುಮೋದನಾ ಸಮಿತಿ. (2010ರಲ್ಲಿ ಈ ಹೆಸರಿನ ‘ಅನುಮೋದನೆ’ ಹೋಗಿ ‘ಮೌಲ್ಯಮಾಪನ’ ಬಂದಿತು.) ಇತ್ತ ಕೆಳಗಡೆ ರಾಜ್ಯಕ್ಕೊಂದು ಸಮಿತಿ, ಜಿಲ್ಲೆಗೊಂದು ಸಮಿತಿ. ಜಿಲ್ಲಾ ಸಮಿತಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಆರೋಗ್ಯ, ಕೃಷಿ, ಮಾಲಿನ್ಯ ನಿಯಂತ್ರಣ ಮೊದಲಾದ ಇಲಾಖೆಗಳ ಅಧಿಕಾರಿಗಳು ಸದಸ್ಯರು. ಹೊಲಕ್ಕೆ ಎಲ್ಲರಿಗಿಂತ ಹತ್ತಿರವಿರುವ ಕಣ್ಣು ಇದೇ. ಆದರೆ ಓದುಗರು ತಮ್ಮ ಜಿಲ್ಲೆಯಲ್ಲಿ ಇಂತಹದೊಂದು ಸಮಿತಿಯ ಹೆಸರನ್ನಾದರೂ ಕೇಳಿದ್ದುಂಟೆ? ಮೇಲಿನ ಅಂತಸ್ತುಗಳಲ್ಲಿ ಸಭೆಗಳು ನಡೆದಂತೆ ಕೆಳಗಿನ ಅಂತಸ್ತಿನಲ್ಲಿ ದೀಪ ಹೊತ್ತಲಿಲ್ಲ ಎಂಬುದೇ ನಮ್ಮ ಕಥೆಯ ತಿರುಳು.

ದೊಡ್ಡ ಪೊಟ್ಟಣ, ಸಣ್ಣ ಪೊಟ್ಟಣ

2002ರ ಮಾರ್ಚ್ ತಿಂಗಳಲ್ಲಿ ಮೂರು ಬಿ.ಟಿ. ಹತ್ತಿ ತಳಿಗಳಿಗೆ ಷರತ್ತುಬದ್ಧ ಅನುಮತಿ ದೊರೆಯಿತು. ಅನುಮತಿ ಪಡೆದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಷರತ್ತುಗಳಲ್ಲಿ ಬಹು ಮುಖ್ಯವಾದದ್ದು ‘ಆಶ್ರಯ’ದ ಷರತ್ತು: ಬಿ.ಟಿ. ಹತ್ತಿಯ ಸುತ್ತ ಐದು ಸಾಲು, ಅಥವಾ ಒಟ್ಟು ಹೊಲದ ಐದನೆಯ ಒಂದು ಭಾಗ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟರಲ್ಲಿ ಬಿ.ಟಿ. ಅಲ್ಲದ ಸಾಮಾನ್ಯ ಹತ್ತಿಯನ್ನು ಬೆಳೆಯತಕ್ಕದ್ದು. ಅದಕ್ಕಾಗಿಯೇ 450 ಗ್ರಾಂ ಬಿ.ಟಿ. ಬೀಜದ ಪೊಟ್ಟಣದ ಜೊತೆಗೆ 120 ಗ್ರಾಂ ಸಾಮಾನ್ಯ ಬೀಜದ ಸಣ್ಣ ಪೊಟ್ಟಣವೊಂದನ್ನು ಕೊಡುವ ಏರ್ಪಾಡಾಯಿತು.

ಹುಳು ತಿನ್ನಲೆಂದೇ ಹತ್ತಿ ಬೆಳೆಯಬೇಕೆ? ವಿಚಿತ್ರವೆನಿಸಬಹುದು. ಆದರೆ ಅದರ ಹಿಂದೆ ಗಟ್ಟಿಯಾದ ತರ್ಕವಿದೆ. ಲಕ್ಷಾಂತರ ಹುಳುಗಳಲ್ಲಿ ಎಲ್ಲೋ ಒಂದೆರಡಕ್ಕೆ ಹುಟ್ಟಿನಿಂದಲೇ ಬಿ.ಟಿ. ವಿಷವನ್ನು ತಡೆದುಕೊಳ್ಳುವ ಶಕ್ತಿ ಇರುತ್ತದೆ. ಊರೆಲ್ಲ ಬಿ.ಟಿ. ಹತ್ತಿಯೇ ಆದರೆ ಮಿಕ್ಕವೆಲ್ಲ ಸತ್ತು, ಬದುಕುಳಿದ ಆ ಒಂದೆರಡು ತಮ್ಮ ತಮ್ಮಲ್ಲೇ ಕೂಡಿ, ವಿಷಕ್ಕೆ ಜಗ್ಗದ ಸಂತಾನವನ್ನೇ ಹೆರುತ್ತವೆ. ಪಕ್ಕದಲ್ಲಿ ಸಾಮಾನ್ಯ ಹತ್ತಿಯಿದ್ದರೆ ಅಲ್ಲಿ ಸಾಮಾನ್ಯ ಹುಳುಗಳೂ ಬೆಳೆದು ಪತಂಗಗಳಾಗಿ ಹಾರುತ್ತವೆ. ಜಟ್ಟಿ ಪತಂಗಕ್ಕೆ ಸಾಮಾನ್ಯ ಪತಂಗದ ಜೊತೆ ದೊರೆತರೆ, ಹುಟ್ಟುವ ಮರಿಗಳು ಬಹುಮಟ್ಟಿಗೆ ವಿಷಕ್ಕೆ ಮಣಿಯುತ್ತವೆ. ಸಣ್ಣ ಪೊಟ್ಟಣ ದೊಡ್ಡ ಪೊಟ್ಟಣದ ಆಯುಸ್ಸನ್ನು ಕಾಪಾಡುವ ವಿಮೆಯೆಂದು ತಿಳಿಯಬಹುದು.

ಇನ್ನು ರೈತನ ಲೆಕ್ಕವನ್ನು ನೋಡೋಣ. ಕೋಟೆಯ ಸೀಮೆಯಲ್ಲಿ ಎರಡು ಎಕರೆ ಹೊಲದ ರೈತನನ್ನು ಕಲ್ಪಿಸಿಕೊಳ್ಳಿ. ಎರಡು ಎಕರೆಯೆಂದರೆ ಎಂಬತ್ತು ಗುಂಟೆ; ಐದನೆಯ ಒಂದು ಭಾಗವೆಂದರೆ ಹದಿನಾರು ಗುಂಟೆ. ಮೊದಲೇ ಬೀಜಕ್ಕೆ ದುಬಾರಿ ಬೆಲೆ ತೆತ್ತ ಆತ, ಬೇಸಗೆಯ ಮಳೆ ಬಿದ್ದ ಆತುರದಲ್ಲಿ, ಹದಿನಾರು ಗುಂಟೆಯನ್ನು ಹುಳುವಿಗೆಂದು ಬಿಟ್ಟಾನೆಯೆ? ಇಂದಿನ ನಷ್ಟ ಅವನದು. ಹತ್ತು ವರ್ಷಗಳ ನಂತರದ ಲಾಭ ಇಡೀ ನಾಡಿನದು. ಇದನ್ನು ಅವನಿಗೆ ಕುಳಿತು ವಿವರಿಸಿದವರು ವಿರಳ; ನಷ್ಟ ತುಂಬಿಕೊಡುತ್ತೇವೆಂದವರು ಇಲ್ಲವೇ ಇಲ್ಲ. ಸಣ್ಣ ಪೊಟ್ಟಣದೊಳಗಿನ ಬೀಜ ಕಳಪೆಯೆಂಬ ದೂರುಗಳೂ ಇದ್ದವು. ಹೀಗಾಗಿ ದೇಶದ ಉದ್ದಗಲಕ್ಕೂ ಆ ಪೊಟ್ಟಣಗಳು ಬಹುತೇಕ ಬಿತ್ತನೆಯಾಗಲೇ ಇಲ್ಲ. ನಿಯಮ ಮುರಿದವನೆಂದು ರೈತನನ್ನು ದೂಷಿಸುವುದು ಸುಲಭ. ಆದರೆ ಅವನ ಎಂಬತ್ತು ಗುಂಟೆಯನ್ನು ನೋಡದೆ ನಿಯಮ ಬರೆದವರ ಹೊಣೆ ಅದಕ್ಕಿಂತ ಹಿರಿದು.

ಒಂದೇ ಹುಳು, ಎರಡು ದೇಶ

ಪರಿಣಾಮ ಬಹು ಬೇಗ ಕಾಣಿಸಿಕೊಂಡಿತು. ಆರಂಭದ ವರ್ಷಗಳಲ್ಲಿ ಬಿ.ಟಿ. ಹತ್ತಿ ಕಾಯಿಕೊರಕದ ಹಾವಳಿಯನ್ನು ತಗ್ಗಿಸಿದ್ದು, ಅದಕ್ಕಾಗಿ ಹೊಡೆಯುವ ಔಷಧಿಯ ಖರ್ಚು ಇಳಿದದ್ದು ನಿಜ. ಆದರೆ ಗುಲಾಬಿ ಕಾಯಿಕೊರಕವೆಂಬ ಹುಳುವಿನ ಬಾಳ್ವೆ ಹೆಚ್ಚುಕಡಿಮೆ ಹತ್ತಿಯೊಂದರಲ್ಲೇ. ತೊಗರಿ, ಕಡಲೆ, ಟೊಮೆಟೊಗಳಲ್ಲೂ ಬದುಕುವ ಹಸಿರು ಕಾಯಿಕೊರಕಕ್ಕೆ ಪ್ರಕೃತಿಯೇ ಆಶ್ರಯ ಒದಗಿಸಿತ್ತು. ಗುಲಾಬಿ ಹುಳುವಿಗೆ ಆ ಸಣ್ಣ ಪೊಟ್ಟಣವೊಂದೇ ಆಶ್ರಯವಾಗಿತ್ತು. ಗುಜರಾತಿನ ಕೆಲವು ಜಿಲ್ಲೆಗಳಲ್ಲಿ ಈ ಹುಳು ಮೊದಲ ಬಿ.ಟಿ. ವಂಶವಾಹಿಗೆ ಜಗ್ಗದೆ ನಿಂತಿದೆಯೆಂದು ತಂತ್ರಜ್ಞಾನದ ಒಡೆತನದ ಕಂಪೆನಿಯೇ 2010ರಲ್ಲಿ ಪ್ರಕಟಿಸಿತು. ಎರಡು ವಂಶವಾಹಿಗಳುಳ್ಳ ಹತ್ತಿ 2006ರಲ್ಲೇ ಬಂದಿತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ಹುಳು ಅದನ್ನೂ ಗೆದ್ದಿತು. ಕರ್ನಾಟಕದ ಹತ್ತಿ ಸೀಮೆಗಳು ಇದಕ್ಕೆ ಹೊರತಾಗಲಿಲ್ಲ. ಬಿ.ಟಿ. ಅಲ್ಲದ ಬೀಜವನ್ನು ಅದೇ ಪೊಟ್ಟಣದಲ್ಲಿ ಬೆರೆಸಿಯೇ ಮಾರುವ ಜಾಣ ಉಪಾಯ ಜಾರಿಗೆ ಬರುವಷ್ಟರಲ್ಲಿ ಕುದುರೆ ಲಾಯದಿಂದ ಹೊರಟುಹೋಗಿತ್ತು.

ಈಗ ಅಮೆರಿಕದ ಅರಿಜೋನಾ ಪ್ರಾಂತದತ್ತ ನೋಡಿ. ಹುಳು ಅದೇ, ಮೊದಲು ಬಂದ ವಂಶವಾಹಿಯೂ ಅದೇ. ಆದರೆ ಅಲ್ಲಿ 1996ರಿಂದ ಹತ್ತು ವರ್ಷಗಳ ಕಾಲ ರೈತರು ಆಶ್ರಯದ ನಿಯಮವನ್ನು ನಿಷ್ಠೆಯಿಂದ ಪಾಲಿಸಿದರು. ವಿಶ್ವವಿದ್ಯಾನಿಲಯದವರು ಹೊಲಹೊಲಕ್ಕೆ ಹೋಗಿ ಹುಳುಗಳನ್ನು ಪರೀಕ್ಷಿಸಿದರು. 2006ರಿಂದ ಬಂಜೆ ಪತಂಗಗಳನ್ನು ಕೋಟಿಗಟ್ಟಲೆ ಹಾರಿಬಿಟ್ಟರು. ಅಂತೂ 2018ರ ಅಕ್ಟೋಬರಿನಲ್ಲಿ, ಹತ್ತಿ ಬೆಳೆಯುವ ಪ್ರದೇಶಗಳಿಂದ ಗುಲಾಬಿ ಕಾಯಿಕೊರಕ ನಿರ್ಮೂಲವಾಯಿತೆಂದು ಅಲ್ಲಿನ ಸರ್ಕಾರ ಘೋಷಿಸಿತು. ಭಾರತದ ರೈತ ಅದೇ ಹುಳುವಿನ ಮುಂದೆ ಕೈಚೆಲ್ಲಿ ಕುಳಿತಿದ್ದ ಕಾಲವದು! ಅಲ್ಲಿನ ಹಿಡುವಳಿಗಳು ದೊಡ್ಡವು, ರೈತರು ಕಡಿಮೆ, ಹಣ ಹೆಚ್ಚು ಎಂಬುದೇನೋ ಸರಿ. ಆದರೆ ಚೀನಾ ದೇಶದ ಯಾಂಗ್‌ಟ್ಸೆ ಕಣಿವೆಯಲ್ಲಿ ನಮ್ಮಂತೆಯೇ ಸಣ್ಣ ಹಿಡುವಳಿಯ ರೈತರಿದ್ದಾರೆ. ಅವರು ಅಗ್ಗವೆಂದು ಎರಡನೆಯ ಪೀಳಿಗೆಯ ಮಿಶ್ರ ಬೀಜ ಬಿತ್ತಿದರು. ಅದರಲ್ಲಿ ಸುಮಾರು ಕಾಲುಭಾಗ ಬಿ.ಟಿ. ಅಲ್ಲದ ಗಿಡಗಳು ತಾವಾಗಿಯೇ ಹುಟ್ಟಿ ಆಶ್ರಯ ಒದಗಿತು. ಹುಳುವಿನ ಪ್ರತಿರೋಧ ಹಿಮ್ಮೆಟ್ಟಿತು. ಸಣ್ಣ ರೈತನ ನಡೆಗೆ ಹೊಂದುವ ಏರ್ಪಾಡಿದ್ದರೆ ಸಣ್ಣ ಹಿಡುವಳಿ ಅಡ್ಡಿಯಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹೊಗೆಸೊಪ್ಪಿಗೆ ಸಾಧ್ಯವಾದದ್ದು

ನಮ್ಮ ಹಳ್ಳಿಗಳಲ್ಲಿ ಇಂತಹ ಶಿಸ್ತು ಸಾಧ್ಯವೇ ಇಲ್ಲವೆಂದು ಕೆಲವರು ತಲೆಯಾಡಿಸುತ್ತಾರೆ. ಅವರು ಹುಣಸೂರು, ಪಿರಿಯಾಪಟ್ಟಣಗಳ ಕಡೆಗೆ ಒಮ್ಮೆ ಹೋಗಿಬರುವುದು ಒಳ್ಳೆಯದು. ಅಲ್ಲಿ ಹೊಗೆಸೊಪ್ಪು ಬೆಳೆಯುವವನ ಹೆಸರು ತಂಬಾಕು ಮಂಡಳಿಯಲ್ಲಿ ನೋಂದಣಿಯಾಗಿರಬೇಕು. ಎಲೆಯನ್ನು ಹದಗೊಳಿಸುವ ಬ್ಯಾರನ್ನಿಗೆ ಪರವಾನಗಿ ಇರಬೇಕು. ಈ ವರ್ಷ ಎಷ್ಟು ಬೆಳೆಯಬೇಕೆಂಬುದನ್ನು ಮಂಡಳಿ ನಿರ್ಧರಿಸುತ್ತದೆ. ಮಾರಾಟ ಹರಾಜು ಕಟ್ಟೆಯಲ್ಲಿ. 1975ರ ಕಾಯಿದೆಯಿಂದ ಹುಟ್ಟಿದ ಈ ವ್ಯವಸ್ಥೆಯ ಬಗೆಗೆ ರೈತರಿಗೆ ಅಸಮಾಧಾನಗಳುಂಟು. ದರ ಕುಸಿದಾಗ ಹರಾಜು ನಿಂತದ್ದೂ ಉಂಟು. ಆದರೂ ನಿಯಮ ಬ್ಯಾರನ್ನಿನ ಬಾಗಿಲವರೆಗೆ ನಡೆದುಹೋಗುತ್ತದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ರಫ್ತಿನ ಹಣ ಗಂಟುಬಿದ್ದಿರುವ ಕಡೆ ಸರ್ಕಾರಕ್ಕೆ ಬ್ಯಾರನ್ನುಗಳ ಲೆಕ್ಕ ಗೊತ್ತು. ಪಕ್ಕದ ಹತ್ತಿ ಹೊಲದಲ್ಲಿ ಆಶ್ರಯದ ಸಾಲು ಇದೆಯೋ ಇಲ್ಲವೋ ಎಣಿಸಲು ಮಾತ್ರ ಜನವಿಲ್ಲ! ಕೊರತೆಯಿರುವುದು ಸಾಮರ್ಥ್ಯದಲ್ಲಲ್ಲ, ಮನಸ್ಸಿನಲ್ಲಿ.

ಕೇಳದೆ ಮಾಡಿದ್ದು, ಕೇಳಿ ಮಾಡಿದ್ದು

ನಿಯಮ ಹೊಲಕ್ಕೆ ತಲುಪಬೇಕಾದರೆ ಜನರ ನಂಬಿಕೆಯೂ ಬೇಕು. ಇದಕ್ಕೆ ಕರ್ನಾಟಕದಲ್ಲೇ ಎರಡು ನಿದರ್ಶನಗಳಿವೆ. 1998ರಲ್ಲಿ ಬಿ.ಟಿ. ಹತ್ತಿಯ ಪ್ರಯೋಗಗಳು ರಾಯಚೂರು ಜಿಲ್ಲೆಯಲ್ಲಿ ನಡೆದಿದ್ದವು. ಹೊಲದ ರೈತನಿಗೇ ಬೀಜ ಎಂತಹದೆಂದು ತಿಳಿಸಿರಲಿಲ್ಲವೆಂದು ಆಪಾದಿಸಿ, ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿಯವರ ನಾಯಕತ್ವದ ಕರ್ನಾಟಕ ರಾಜ್ಯ ರೈತ ಸಂಘದವರು ನವೆಂಬರ್ ತಿಂಗಳಲ್ಲಿ ಸಿಂಧನೂರು ಸೀಮೆಯ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟರು. ಆ ಕೃತ್ಯ ಸರಿಯೋ ತಪ್ಪೋ, ಮುಚ್ಚಿದ ಬಾಗಿಲಿನ ಹಿಂದೆ ನಡೆಯುವ ಪ್ರಯೋಗ ಬೆಂಕಿಯನ್ನು ಆಹ್ವಾನಿಸುತ್ತದೆ ಎಂಬ ಪಾಠವಂತೂ ಸ್ಪಷ್ಟವಾಯಿತು.

ಎರಡನೆಯದು ಬದನೆಕಾಯಿಯ ಪ್ರಸಂಗ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವೂ ಪಾಲುಗೊಂಡಿದ್ದ ಬಿ.ಟಿ. ಬದನೆಯ ಯೋಜನೆಯಲ್ಲಿ, ವಾದಿರಾಜ ಸ್ವಾಮಿಗಳ ಪ್ರಸಾದವೆಂದು ಕರಾವಳಿಯ ಜನ ಭಾವಿಸುವ ಉಡುಪಿಯ ಗುಳ್ಳವೂ ಸೇರಿತ್ತು. 2009ರ ಅಕ್ಟೋಬರಿನಲ್ಲಿ ಕೇಂದ್ರ ಸಮಿತಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಆದರೆ ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಅವರು ಅಷ್ಟಕ್ಕೇ ಸಹಿ ಹಾಕದೆ, 2010ರ ಜನವರಿ ಮತ್ತು ಫೆಬ್ರವರಿಯಲ್ಲಿ ಏಳು ನಗರಗಳಲ್ಲಿ ಬಹಿರಂಗ ಸಭೆ ಕರೆದರು. ಕೊನೆಯ ಸಭೆ ನಮ್ಮ ಬೆಂಗಳೂರಿನಲ್ಲಿ. ರೈತರು, ವೈದ್ಯರು, ವಿಜ್ಞಾನಿಗಳು, ಗೃಹಿಣಿಯರು, ಪರವಾದವರು, ವಿರೋಧಿಗಳು ಎಲ್ಲರೂ ಮಾತನಾಡಿದರು. ಸ್ವತಂತ್ರ ಪರೀಕ್ಷೆಗಳು ಸಾಲವೆಂದು ಕಾರಣ ನೀಡಿ ಫೆಬ್ರವರಿ 9ರಂದು ಸಚಿವರು ಬದನೆಯನ್ನು ತಡೆಹಿಡಿದರು. ಆ ತಡೆ ಇಂದಿಗೂ ತೆರವಾಗಿಲ್ಲ. ನೆರೆಯ ಬಾಂಗ್ಲಾದೇಶ ಅದೇ ಬದನೆಗೆ 2013ರಲ್ಲಿ ಅನುಮತಿ ಕೊಟ್ಟು, ಮರುವರ್ಷ ಇಪ್ಪತ್ತು ಮಂದಿ ರೈತರಿಂದ ಆರಂಭಿಸಿತು. ಆಫ್ರಿಕದ ಬುರ್ಕಿನಾ ಫಾಸೊ ಬಿ.ಟಿ. ಹತ್ತಿಯನ್ನು ಉತ್ಸಾಹದಿಂದ ಬೆಳೆದು, ಎಳೆ ಗಿಡ್ಡವಾಗಿ ಮಾರುಕಟ್ಟೆಯಲ್ಲಿ ಬೆಲೆ ಕುಸಿಯಿತೆಂದು 2016ರ ಹೊತ್ತಿಗೆ ಕೈಬಿಟ್ಟಿತು. ದೇಶಕ್ಕೊಂದು ದಾರಿ, ಆದರೆ ವಿಷ ಪರೀಕ್ಷೆಯೊಂದೇ ಸಾಲದು, ಬೆಳೆಯುವವನ ಸಂತೆಯನ್ನೂ ಪರೀಕ್ಷಿಸಬೇಕೆಂದು ಬುರ್ಕಿನಾದ ಅನುಭವ ಹೇಳುತ್ತದೆ.

ಕಾಲುವೆಯ ನಾಡಿಗೆ ಬರಲಿರುವ ಅತಿಥಿ

ಕಥೆ ಹತ್ತಿ, ಬದನೆಗಳಿಗೆ ಮುಗಿಯಲಿಲ್ಲ. ಕುಲಾಂತರಿ ಸಾಸಿವೆಗೆ 2022ರ ಅಕ್ಟೋಬರಿನಲ್ಲಿ ಒಪ್ಪಿಗೆ ದೊರೆತು, ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯವನ್ನು ತಲುಪಿತು. 2024ರ ಜುಲೈ 23ರಂದು ನ್ಯಾಯಮೂರ್ತಿ ಬಿ. ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಸಂಜಯ್ ಕರೋಲ್ ಅವರು ಸಾಸಿವೆಯ ಬಗೆಗೆ ಭಿನ್ನ ತೀರ್ಪು ನೀಡಿದರು. ಆದರೆ ಒಂದು ಮಾತಿನಲ್ಲಿ ಇಬ್ಬರೂ ಒಂದಾದರು: ರಾಜ್ಯಗಳನ್ನೂ ರೈತರನ್ನೂ ಒಳಗೊಂಡು ಸಮಾಲೋಚನೆ ನಡೆಸಿ ಕೇಂದ್ರ ಸರ್ಕಾರ ರಾಷ್ಟ್ರೀಯ ನೀತಿಯೊಂದನ್ನು ರೂಪಿಸತಕ್ಕದ್ದು.

ಅಷ್ಟರಲ್ಲಿ ವಿಜ್ಞಾನ ಮತ್ತೊಂದು ಹೆಜ್ಜೆ ಮುಂದಿಟ್ಟಿತ್ತು. ಹೊರಗಿನ ವಂಶವಾಹಿಯನ್ನು ಸೇರಿಸದೆ, ಗಿಡದ ಸ್ವಂತ ವಂಶವಾಹಿಯಲ್ಲೇ ಅಕ್ಷರ ತಿದ್ದಿದಂತೆ ತಿದ್ದುವ ಕಲೆ ಇದು. ಇಂತಹ ಗಿಡಗಳಲ್ಲಿ ಕೆಲವು ಬಗೆಯವನ್ನು 1989ರ ನಿಯಮಗಳ ಮುಖ್ಯ ವಿಧಿಗಳಿಂದ 2022ರ ಮಾರ್ಚಿನಲ್ಲಿ ಹೊರಗಿಡಲಾಯಿತು. 2025ರ ಮೇ ತಿಂಗಳಲ್ಲಿ ಹೀಗೆ ತಿದ್ದಿದ ಎರಡು ಬತ್ತದ ತಳಿಗಳನ್ನು ಕೇಂದ್ರ ಸರ್ಕಾರ ಪ್ರಕಟಿಸಿತು. ಅವುಗಳಲ್ಲೊಂದಾದ ‘ಕಮಲಾ’, ಸಾಂಬಾ ಮಸೂರಿಯ ಮಗಳು. ಇಂತಹ ಬತ್ತ ಒಂದು ದಿನ ಕೃಷ್ಣರಾಜನಗರದ ಕಾಲುವೆ ಬಯಲಿಗೂ ಬರಬಹುದು. ಅದರಿಂದ ನೀರು ಉಳಿಯಬಹುದು, ಇಳುವರಿ ಏರಬಹುದು, ಬರಲಿ, ಸಂತೋಷ. ಆದರೆ ಹತ್ತಿಯನ್ನು ನಾವು ಉಡುತ್ತೇವೆ, ಅನ್ನವನ್ನು ಉಣ್ಣುತ್ತೇವೆ. ಹತ್ತಿಯ ವಿಷಯದಲ್ಲಿ ಸಣ್ಣ ಪೊಟ್ಟಣವನ್ನು ಮರೆತಂತೆ ಬತ್ತದ ವಿಷಯದಲ್ಲೂ ಮರೆಯಬಹುದೆ?

ಮಾಡಬೇಕಾದದ್ದು ಅಸಾಧ್ಯವಾದ ಕೆಲಸವೇನೂ ಅಲ್ಲ. ಜಿಲ್ಲಾ ಸಮಿತಿ ಕಾಲಕಾಲಕ್ಕೆ ಸೇರಿ, ಅದರ ನಡವಳಿ ಕನ್ನಡದಲ್ಲಿ ಜನರ ಕೈಗೆ ಸಿಗಬೇಕು. ಹೊಸ ಬೀಜದ ಪರೀಕ್ಷೆಯನ್ನು ಅದನ್ನು ಮಾರುವವರಿಗೆ ಒಪ್ಪಿಸದೆ, ಸ್ವತಂತ್ರ ಸಂಸ್ಥೆಗಳು ನಡೆಸಬೇಕು. ಬಿತ್ತನೆಯಾದ ಮೇಲೂ ವರ್ಷವರ್ಷ ಹುಳುವನ್ನು, ಮಣ್ಣನ್ನು, ಇಳುವರಿಯನ್ನು ಅಳೆಯುವವರಿರಬೇಕು. ನಾಡಿನ ಒಳಿತಿಗೆಂದು ರೈತ ಹದಿನಾರು ಗುಂಟೆ ಬಿಟ್ಟರೆ ನಾಡು ಅವನ ನಷ್ಟವನ್ನು ಹಂಚಿಕೊಳ್ಳಬೇಕು. ಬೀಜ ಮೋಸಮಾಡಿದರೆ ದೂರು ಕೇಳುವ ಬಾಗಿಲು ತಾಲ್ಲೂಕಿನಲ್ಲೇ ಇರಬೇಕು. ರಾಜಮುಡಿಯಂತಹ ನಮ್ಮ ಹಳೆಯ ತಳಿಗಳು ಈ ಸಂಭ್ರಮದಲ್ಲಿ ಕಾಣೆಯಾಗದಂತೆ ಕಾಪಾಡಬೇಕು. ಇವೆಲ್ಲಕ್ಕೆ ತಗಲುವ ವೆಚ್ಚ, ಹುಳು ಗೆದ್ದ ಮೇಲೆ ತೆರುವ ದಂಡಕ್ಕಿಂತ ಹೆಚ್ಚಾಗಲಾರದು.

ಪಟ್ಟಣದಲ್ಲಿರುವ ನಮಗೆ ಇದರಲ್ಲಿ ಪಾಲಿಲ್ಲವೆಂದು ಭಾವಿಸಬೇಕಾಗಿಲ್ಲ. ಬೆಂಗಳೂರಿನ ಸಭೆಯಲ್ಲಿ ಅಂದು ಎದ್ದುನಿಂತು ಪ್ರಶ್ನೆ ಕೇಳಿದವರಲ್ಲಿ ಪಟ್ಟಣಿಗರೂ ಇದ್ದರು. ಆ ಪ್ರಶ್ನೆಗಳಿಗೆ ಬೆಲೆ ಬಂದಿತು. ರಾಷ್ಟ್ರೀಯ ನೀತಿಯ ಸಮಾಲೋಚನೆಯಲ್ಲಿ ಕೋಟೆಯ ಹತ್ತಿ ರೈತನನ್ನೂ ಕೃಷ್ಣರಾಜನಗರದ ಬತ್ತದ ರೈತನನ್ನೂ ಅವರಿಗೆ ತಿಳಿಯುವ ಭಾಷೆಯಲ್ಲಿ, ಅವರ ಊರಿನಲ್ಲೇ ಕೇಳಿದಿರಾ ಎಂದು ನಾವು ವಿಚಾರಿಸಬೇಕು. ಹಾಗೆ ಕೇಳದೆ ಎಷ್ಟೇ ಅಂದವಾಗಿ ಬರೆದರೂ ಆ ನೀತಿಯ ಗತಿ ಬಿತ್ತದೆ ಉಳಿದ ನೂರಿಪ್ಪತ್ತು ಗ್ರಾಂ ಬೀಜದ ಗತಿಯೇ ಆದೀತು.